ಹಾಸನದಿಂದ ಬಿ.ಸಿ. ರೋಡಿಗೆ: ತುದಿಗಳು ಅಗಲವಾದವು, ನಡು ಉಳಿಯಿತು

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಬಸ್ಸು ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ದಾಟಿ ಹಾಸನ ಮುಟ್ಟುವವರೆಗೆ ಒಳಗೆ ಕೂತವರಿಗೆ ರಸ್ತೆಯ ಕಡೆ ಗಮನವೇ ಹೋಗುವುದಿಲ್ಲ. ಚತುಷ್ಪಥ, ನಡುವೆ ಹೂಗಿಡ, ಅಲ್ಲಲ್ಲಿ ಟೋಲ್, ಅಷ್ಟೆ. ಆ ಕಡೆ ಮಂಗಳೂರಿನಿಂದ ಬಿ.ಸಿ. ರೋಡಿನವರೆಗೂ ಹಾಗೆಯೇ. ನವಮಂಗಳೂರು ಬಂದರಿಗೆ ಸಂಪರ್ಕ ಕೊಡುವ ಯೋಜನೆಯಲ್ಲಿ ಆ ತುಂಡು ಹತ್ತು ವರ್ಷಕ್ಕೂ ಹಿಂದೆ ಅಗಲವಾಗಿ ಮುಗಿದಿದೆ. ಎರಡೂ ತುದಿ ಸಿದ್ಧವಾದ ಮೇಲೆ ಉಳಿದದ್ದು ಹಾಸನ ಮತ್ತು ಬಿ.ಸಿ. ರೋಡ್ ನಡುವಿನ ಸುಮಾರು 135 ಕಿ.ಮೀ. ಕಾಗದದಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 75. ಹಳೇ ಲಾರಿ ಡ್ರೈವರುಗಳ ಬಾಯಲ್ಲಿ ಇವತ್ತಿಗೂ 48. ಊರವರಿಗೆ ಶಿರಾಡಿ ದಾರಿ.

ಹೆದ್ದಾರಿ ಪ್ರಾಧಿಕಾರ ಈ ಉಳಿಕೆಯನ್ನು ಮೂರು ತುಂಡು ಮಾಡಿತು. ಹಾಸನದಿಂದ ಮಾರನಹಳ್ಳಿವರೆಗೆ 45 ಕಿ.ಮೀ. ಮೇಲಿನದು. ಅಡ್ಡಹೊಳೆಯಿಂದ ಬಿ.ಸಿ. ರೋಡಿನವರೆಗೆ 64 ಕಿ.ಮೀ. ಕೆಳಗಿನದು. ಇವೆರಡಕ್ಕೂ 2016ರ ಹೊತ್ತಿಗೆ ಗುತ್ತಿಗೆಯಾಯಿತು. ನಡುವೆ ಶಿರಾಡಿ ಘಾಟಿಯ 26 ಕಿ.ಮೀ. ಉಳಿಯಿತಲ್ಲ, ಅದನ್ನು ಏನು ಮಾಡುವುದೆಂದು ಮುಂದೆ ನೋಡೋಣ ಎಂದರು. ಆ ಮುಂದೆ ಇನ್ನೂ ಬಂದಿಲ್ಲ. 2024ರ ಮಳೆಗಾಲ ಕಳೆದ ಚಳಿಗಾಲದಲ್ಲಿ ನಾನು ಈ ದಾರಿಯನ್ನು ಹಾಸನದಿಂದ ಕೆಳಕ್ಕೆ, ಒಂದಿಷ್ಟು ಬಸ್ಸಿನಲ್ಲಿ, ಒಂದಿಷ್ಟು ಸಿಕ್ಕಿದ ಜೀಪು ಪಿಕಪ್ಪುಗಳಲ್ಲಿ, ಕೆಲವು ಕಡೆ ಕಾಲ್ನಡಿಗೆಯಲ್ಲಿ ನೋಡುತ್ತಾ ಹೋದೆ. ಕಂಡದ್ದರಲ್ಲಿ ಹೆಚ್ಚಿನದೆಲ್ಲ ಆ ಒಂದು ಉಳಿಕೆಯ ಸುತ್ತಲೇ ಸುತ್ತುತ್ತಿತ್ತು.

ಹಾಸನ ಬಿಟ್ಟು ಆಲೂರು, ಬಾಳ್ಳುಪೇಟೆ, ಬಾಗೆ ಎಂದು ಸಾಗುವ ದಾರಿ ಮೊದಲು ಹೊಲಗಳ ನಡುವೆ ಇರುತ್ತದೆ. ನಿಧಾನಕ್ಕೆ ಸಿಲ್ವರ್ ಓಕ್ ಮರಗಳು ಎದ್ದು, ಕಾಫಿ ತೋಟಗಳು ಎರಡೂ ಕಡೆಯಿಂದ ರಸ್ತೆಗೆ ಒತ್ತಿಕೊಳ್ಳುತ್ತವೆ. ಇಲ್ಲಿ ಜಾಗ ಬಿಡಿಸಿಕೊಳ್ಳುವುದೆಂದರೆ ಬರೀ ಗುಂಟೆಯ ಲೆಕ್ಕವಲ್ಲ. ಗಿಡ, ನೆರಳಿನ ಮರ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಎಲ್ಲಕ್ಕೂ ಬೇರೆ ಬೇರೆ ಬೆಲೆ ಕಟ್ಟಬೇಕು. ಒಂದು ಇಲಾಖೆ ಎಣಿಸಿದ್ದನ್ನು ಇನ್ನೊಂದು ಇಲಾಖೆ ಒಪ್ಪಬೇಕು. ಇದರ ನಡುವೆ ಈ ತುಂಡಿನ ಗುತ್ತಿಗೆ ಹಿಡಿದ ಸ್ಪೇನಿನ ಐಸೋಲಕ್ಸ್ ಕೋರ್ಸಾನ್ ಕಂಪನಿ 2017ರ ಜುಲೈನಲ್ಲಿ ತನ್ನ ದೇಶದಲ್ಲೇ ದಿವಾಳಿ ಅರ್ಜಿ ಹಾಕಿತು. ಮ್ಯಾಡ್ರಿಡ್‌ನಲ್ಲಿ ಯಾರೋ ಲೆಕ್ಕದ ಪುಸ್ತಕ ಮುಚ್ಚಿದ್ದಕ್ಕೆ ಬಾಳ್ಳುಪೇಟೆಯಲ್ಲಿ ಜೆಸಿಬಿಗಳು ನಿಂತವು. ಆಮೇಲೆ ಉಪಗುತ್ತಿಗೆದಾರರ ಕೈಯಲ್ಲಿ ಕೆಲಸ ಕುಂಟುತ್ತಾ ಸಾಗಿತು. ಅರ್ಧ ಅಗಲಿಸಿದ ರಸ್ತೆ, ಎಲ್ಲೆಂದರಲ್ಲಿ ತಿರುಗುವ ‘ಡೈವರ್ಷನ್’ ಬೋರ್ಡು, ಬೋರ್ಡಿಗೆ ಒರಗಿಸಿಟ್ಟ ಮಣ್ಣಿನ ಚೀಲ: ಬಹಳ ವರ್ಷ ಈ ಭಾಗದ ಗುರುತೇ ಇವಾಗಿದ್ದವು. ನಾನು ಹೋದಾಗ ಇಲ್ಲಿ ಬಹುಪಾಲು ಕೆಲಸ ಮುಗಿದಿತ್ತು. ಸಕಲೇಶಪುರ ಪೇಟೆಯೊಳಗೆ ಹೇಮಾವತಿ ಸೇತುವೆಯ ಮೇಲೆ ಉಸಿರುಗಟ್ಟುತ್ತಿದ್ದ ಲಾರಿಗಳು ಬೈಪಾಸು ಹಿಡಿದಿದ್ದವು. ಪೇಟೆಯ ವ್ಯಾಪಾರಿಗಳಿಗೆ ಅದು ಖುಷಿಯೋ ಬೇಸರವೋ, ಒಬ್ಬೊಬ್ಬರದು ಒಂದೊಂದು ಮಾತು.

ಸಕಲೇಶಪುರ ದಾಟಿ ಆನೆಮಹಲ್, ಅಲ್ಲಿಂದ ದೋಣಿಗಾಲ್. ಮೇಲೆ ಗುಡ್ಡದ ತುದಿಯಲ್ಲಿ ಟಿಪ್ಪು 1792ರಲ್ಲಿ ಕಟ್ಟಿಸಿದ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ. ಪ್ರವಾಸಿಗರು ಅದನ್ನು ನೋಡಲು ಮೆಟ್ಟಿಲು ಹತ್ತುತ್ತಾರೆ. ನನಗೆ ಬೇಕಾಗಿದ್ದು ಕೆಳಗೆ, ರಸ್ತೆಯ ಪಕ್ಕದಲ್ಲಿತ್ತು. 2021ರ ಜುಲೈನಲ್ಲಿ ಇಲ್ಲಿಯೇ ರಸ್ತೆಯ ಅಂಚು ಕಣಿವೆಯ ಕಡೆಗೆ ಕುಸಿದು ಘಾಟಿ ಸಂಚಾರ ನಿಂತಿತು. ಸರಿಮಾಡಿದರು. 2022ರ ಜುಲೈನಲ್ಲಿ ಮತ್ತೆ ಕುಸಿಯಿತು. ಈಗ ಆ ಜಾಗದಲ್ಲಿ ತಂತಿ ಬಲೆಯ ಪೆಟ್ಟಿಗೆಗಳೊಳಗೆ ಕಲ್ಲು ತುಂಬಿ, ಒಂದರ ಮೇಲೊಂದು ಪೇರಿಸಿ ತಡೆಗೋಡೆ ಕಟ್ಟಿದ್ದಾರೆ. ಕೆಲವು ಪೆಟ್ಟಿಗೆಗಳ ಹೊಟ್ಟೆ ಆಗಲೇ ಮುಂದಕ್ಕೆ ಬಂದಿತ್ತು. ಸಂದಿಗಳಲ್ಲಿ ಲಂಟಾನ ಬೇರು ಬಿಟ್ಟಿತ್ತು.

ಅಲ್ಲಿಂದ ಇಳಿಜಾರಿನಲ್ಲಿ ನಡೆಯತೊಡಗಿದರೆ ಒಂದು ಬದಿಗೆ ಕಡಿದ ಗುಡ್ಡದ ಗೋಡೆ ಜೊತೆಗೇ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ಅದೊಂದು ಪಾಠದ ಪುಟದಂತೆ ಬಿಚ್ಚಿಕೊಂಡಿದೆ. ತುದಿಯಲ್ಲಿ ಒಂದೆರಡು ಅಡಿ ಕಪ್ಪು ಮಣ್ಣು. ಅದರಿಂದ ಕಾಫಿ ಗಿಡದ ಬೇರುಗಳು ಗಾಳಿಯಲ್ಲಿ ಜೋತು ಬಿದ್ದಿವೆ. ಕೆಳಗೆ ಆಳೆತ್ತರ ಕೆಂಪು ಮಣ್ಣು. ಅದರ ಕೆಳಗೆ ಹಳದಿ ಬೆರೆತ ಬಿಳಿಚು ಪದರ, ನೋಡಲು ಬಂಡೆ. ಹೆಬ್ಬೆರಳಿನಿಂದ ಒತ್ತಿದೆ, ಪುಡಿಪುಡಿಯಾಗಿ ಉದುರಿತು. ಅಂಗೈಯಲ್ಲಿ ಕಾಗೆಬಂಗಾರದ ಚೂರುಗಳು ಮಿನುಗಿದವು. ಬಂಡೆ ಕೊಳೆತು ಮಣ್ಣಾಗುತ್ತಿರುವ ಹಂತ ಇದು. ಗುಡ್ಡ ತನ್ನ ಇಳಿಜಾರಿನಲ್ಲಿ ಇದ್ದಷ್ಟು ದಿನ ಈ ಪದರ ಗಟ್ಟಿಯಾಗಿಯೇ ನಿಂತಿರುತ್ತದೆ. ಬುಡವನ್ನು ನೆಟ್ಟಗೆ ಕಡಿದು, ಮೇಲಿನಿಂದ ತಿಂಗಳುಗಟ್ಟಲೆ ಮಳೆ ಸುರಿದರೆ ಇದು ನೀರು ಕುಡಿದು ಭಾರವಾಗಿ ಜಾರುತ್ತದೆ. 2024ರ ಜುಲೈ ಕೊನೆಯಲ್ಲಿ ಇಲ್ಲೇ ಮುಂದೆ ದೊಡ್ಡತಪ್ಪಲಿನಲ್ಲಿ ಆದದ್ದೂ ಅದೇ. ಒಂದು ಸಲ ಬಿದ್ದ ಮಣ್ಣು ತೆಗೆಯುವಷ್ಟರಲ್ಲಿ ಮತ್ತೊಂದು ಸಲ. ವಾಹನಗಳು ಮಣ್ಣಿನಲ್ಲಿ ಸಿಕ್ಕಿಕೊಂಡವು. ಆಗಸ್ಟಿನಲ್ಲಿ ಸ್ಥಳ ನೋಡಲು ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೂ ಗುಡ್ಡವನ್ನು 90 ಡಿಗ್ರಿಗೆ ಕಡಿದದ್ದೇ ತಪ್ಪು ಎಂದರು.

ಯಾಕೆ ಹಾಗೆ ಕಡಿದರು? ಎಂಜಿನಿಯರಿಗೆ ಗೊತ್ತಿರಲಿಲ್ಲ ಎಂದು ನಾನಂತೂ ನಂಬುವುದಿಲ್ಲ. ಮಣ್ಣಿನ ಗುಡ್ಡವನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಎಂಬುದು ಡಿಪ್ಲೊಮಾ ಹುಡುಗನಿಗೂ ಗೊತ್ತಿರುವ ಮಾತು. ಆದರೆ ಓರೆಯಾಗಿ ಕಡಿಯಲು ಮೇಲ್ಗಡೆ ಜಾಗ ಬೇಕು. ಮೂವತ್ತು ಅಡಿ ಎತ್ತರದ ಗುಡ್ಡವನ್ನು 45 ಡಿಗ್ರಿಗೆ ಇಳಿಸಲು ಅಷ್ಟೇ ಅಡಿ ಹಿಂದಕ್ಕೆ ಹೋಗಬೇಕು. ಅಲ್ಲಿರುವುದು ಯಾರದೋ ತೋಟ ಅಥವಾ ಅರಣ್ಯ. ತೋಟವಾದರೆ ದುಡ್ಡು, ಅರಣ್ಯವಾದರೆ ಅನುಮತಿ, ಎರಡಕ್ಕೂ ಕಾಲ. ಹಾಗಾಗಿ ನಾಲ್ಕು ಪಥಕ್ಕೆ ಎಷ್ಟು ಬೇಕೋ ಅಷ್ಟೇ ಜಾಗ ತೆಗೆದುಕೊಂಡು, ಗುಡ್ಡವನ್ನು ಗೋಡೆಯ ಹಾಗೆ ನಿಲ್ಲಿಸಿದರು. ಜಾಗದಲ್ಲಿ ಮಾಡಿದ ಉಳಿತಾಯ ಮುಂದೆ ಮಣ್ಣು ಎತ್ತುವ, ತಡೆಗೋಡೆ ಕಟ್ಟುವ, ಮತ್ತೆ ಜಾಗ ಕೇಳುವ ಖರ್ಚಾಗಿ ಬಂತು. ಇಲ್ಲಿನ ವಿಳಂಬಕ್ಕೂ ಇಲ್ಲಿನ ಕುಸಿತಕ್ಕೂ ತಾಯಿಬೇರು ಒಂದೇ. ಪತ್ರಿಕೆಗಳು ಮಾತ್ರ ಒಂದನ್ನು ಕಾಮಗಾರಿ ಸುದ್ದಿಯಾಗಿ, ಇನ್ನೊಂದನ್ನು ಪ್ರಕೃತಿ ವಿಕೋಪದ ಸುದ್ದಿಯಾಗಿ ಬೇರೆ ಬೇರೆ ಪುಟಕ್ಕೆ ಹಾಕುತ್ತಾ ಬಂದಿವೆ.

ದಾರಿ ಬದಿಯ ಸಣ್ಣ ಹೋಟೆಲಿನ ಹೆಂಗಸು ಕಾಫಿ ಸೋಸುತ್ತಾ, “ರಾತ್ರಿ ಲಾರಿ ಸದ್ದು ನಿಂತೋಯ್ತು ಅಂದ್ರೆ ಎಲ್ಲೋ ಜರಿದದೆ ಅಂತ್ಲೇ ಲೆಕ್ಕ ಅಣ್ಣ. ಬೆಳಿಗ್ಗೆ ಹಿಟ್ಟು ಕಮ್ಮಿ ಕಲಸ್ತೀನಿ” ಎಂದರು. ಟಿ.ವಿ.ಗಿಂತ ಮೊದಲು ಸುದ್ದಿ ಗೊತ್ತಾಗುವುದು ಅವರ ಇಡ್ಲಿ ಪಾತ್ರೆಗೆ.

ಮಾರನಹಳ್ಳಿಯ ಹತ್ತಿರ ಚತುಷ್ಪಥ ಮುಗಿಯುತ್ತದೆ. ನಾಲ್ಕು ಪಥದ ವೇಗದಲ್ಲಿ ಬಂದ ವಾಹನಗಳೆಲ್ಲ ಇದ್ದಕ್ಕಿದ್ದಂತೆ ಎರಡು ಪಥದೊಳಗೆ ನುಗ್ಗಬೇಕು. ಎದುರಿಗೆ ಘಾಟಿ ಹತ್ತಿ ಬಂದ ಲಾರಿಗಳು ಮೊದಲ ಗೇರಿನಲ್ಲಿ ನರಳುತ್ತಿರುತ್ತವೆ. ಅವನ್ನು ಹಿಂದಿಕ್ಕಿ ಬರಲು ಕಾಯುತ್ತಿರುವ ಕಾರುಗಳು ಒಂದರ ಹಿಂದೊಂದು ಮೂತಿ ಹೊರಹಾಕಿರುತ್ತವೆ. ಪಕ್ಕದ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಇದನ್ನು ನೋಡಿದರೆ ಸಾಕು, 26 ಕಿ.ಮೀ. ಬಿಟ್ಟು ಉಳಿದದ್ದನ್ನು ಅಗಲ ಮಾಡಿದ್ದರಿಂದ ಏನಾಯಿತು ಎಂಬುದು ತಿಳಿಯುತ್ತದೆ. ಸರತಿ ಸಾಲಿಗೆ ಬೇಗ ಬಂದು ಸೇರುವ ಅನುಕೂಲವಾಯಿತು.

ಘಾಟಿಯನ್ನು ಯಾರೂ ಮುಟ್ಟಿಯೇ ಇಲ್ಲ ಎಂದರೆ ಅನ್ಯಾಯ. ಮಳೆಗೆ ಡಾಂಬರು ನಿಲ್ಲುವುದಿಲ್ಲವೆಂದು ಕಾಂಕ್ರೀಟು ಹಾಕಿದರು. ಅದೂ ಎರಡು ಕಂತಿನಲ್ಲಿ. 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗೆ, 2018ರಲ್ಲಿ ಅಲ್ಲಿಂದ ಅಡ್ಡಹೊಳೆಯವರೆಗೆ. ಎರಡು ಸಲವೂ ತಿಂಗಳುಗಟ್ಟಲೆ ಘಾಟಿ ಬಂದ್. ಚಾರ್ಮಾಡಿಯಲ್ಲಿ ಬಸ್ಸುಗಳು ಸುತ್ತಿದವು, ಭಾರದ ಲಾರಿಗಳು ಮಡಿಕೇರಿ ಕಡೆಯಿಂದ ಸಂಪಾಜೆ ಇಳಿದವು. ಎರಡನೇ ಕಂತು ಮುಗಿದು 2018ರ ಜುಲೈ ನಡುವಿನಲ್ಲಿ ರಸ್ತೆ ತೆರೆದರು. ತಿಂಗಳು ತುಂಬಿರಲಿಲ್ಲವೇನೋ, ಆಗಸ್ಟಿನ ಆ ಮಹಾಮಳೆಗೆ ಘಾಟಿಯ ಉದ್ದಕ್ಕೂ ಗುಡ್ಡ ಜರಿದು ಮತ್ತೆ ಮುಚ್ಚಬೇಕಾಯಿತು. ಅದೇ ವಾರ ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿಯೂ ಕಡಿದುಹೋಯಿತು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ, ಅದು ಗಟ್ಟಿಯೇ. ಅದರ ಮೇಲೆ ಬಿದ್ದದ್ದು ಗುಡ್ಡ.

ಇನ್ನು ಸುರಂಗದ ಕಥೆ. ಜಪಾನಿನ ಜೈಕಾ ಸಂಸ್ಥೆ ಅಧ್ಯಯನ ಮಾಡಿತು. ಮಾರನಹಳ್ಳಿಯ ಹತ್ತಿರ ಒಳಹೊಕ್ಕು ಅಡ್ಡಹೊಳೆಯ ಬಳಿ ಹೊರಬರುವ, ಸುರಂಗಗಳನ್ನೂ ಸೇತುವೆಗಳನ್ನೂ ಪೋಣಿಸಿದ 23 ಕಿ.ಮೀ. ಹತ್ತಿರದ ದಾರಿ, ಖರ್ಚು ಹತ್ತು ಸಾವಿರ ಕೋಟಿ ರೂಪಾಯಿಯ ಆಸುಪಾಸು. ಸಚಿವರು ವೇದಿಕೆಗಳಲ್ಲಿ ಘೋಷಿಸಿದರು, ಸಂಸದರು ಸದನದಲ್ಲಿ ಕೇಳಿದರು, ಚುನಾವಣೆ ಬಂದಾಗಲೆಲ್ಲ ಸುರಂಗ ಕೊರೆದೇ ಕೊರೆದರು. ಆಮೇಲೆ ಅಷ್ಟು ಖರ್ಚು ಯಾಕೆ, ಇರುವ ರಸ್ತೆಯನ್ನೇ ಅಗಲಿಸೋಣ ಎಂದರು. ಆಮೇಲೆ ಬೆಂಗಳೂರು–ಮಂಗಳೂರು ನಡುವೆ ಹೊಸ ಎಕ್ಸ್‌ಪ್ರೆಸ್‌ವೇ ಎಂಬ ಮಾತು ಬಂತು. ಹೊಸ ಮಾತು ಬಂದ ಕೂಡಲೇ ಹಳೇದು ಅಟ್ಟಕ್ಕೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಘಾಟಿಯಲ್ಲಿ ತಡವಾಗಿರುವುದಕ್ಕೆ ನನಗೆ ಬೇಸರವಿಲ್ಲ. ಕೆಂಪುಹೊಳೆಯ ಎರಡೂ ಬದಿಯ ಕಾಡು ಆನೆ, ಸಿಂಗಳೀಕಗಳು ಓಡಾಡುವ ಕಾಡು. ಅಲ್ಲಿ ನಾಲ್ಕು ಪಥ ಕಡಿಯುವುದೆಂದರೆ ದೋಣಿಗಾಲಿನಲ್ಲಿ ಕಂಡದ್ದು ಹತ್ತು ಪಟ್ಟಾಗುತ್ತದೆ. ಯೋಚನೆಗೆ ಇಪ್ಪತ್ತು ವರ್ಷ ಬೇಕಾದರೆ ತೆಗೆದುಕೊಳ್ಳಲಿ. ಆದರೆ ಘಾಟಿಯಲ್ಲಿ ಸುರಂಗವೋ ಅಗಲೀಕರಣವೋ ಇರುವುದೇ ಸಾಕೋ ಎಂದು ತೀರ್ಮಾನಿಸದೆ ಎರಡೂ ತುದಿಗೆ ಟೆಂಡರು ಕರೆದದ್ದು ಯಾವ ಧೈರ್ಯದ ಮೇಲೆ? ಮದುವೆಗೆ ಹೆಣ್ಣು ಗೊತ್ತಾಗುವ ಮೊದಲೇ ಛತ್ರ ಬುಕ್ ಮಾಡಿದರು.

ಹೊಳೆಯ ಆಚೆ ಬದಿಯ ಗುಡ್ಡಗಳಲ್ಲಿ ರೈಲು ಹಳಿ ಇದೆ. ರಸ್ತೆಯಲ್ಲಿ ನಿಂತವರಿಗೆ ಕಾಡಿನ ನಡುವೆ ಎಲ್ಲೋ ಒಂದು ಸೇತುವೆಯ ಕಂಬ, ಒಂದು ಸುರಂಗದ ಬಾಯಿ ಕಂಡರೆ ಅದೃಷ್ಟ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ. 1979ರಲ್ಲಿ ರೈಲು ಓಡಿತು. 1996ರಲ್ಲಿ ಗೇಜ್ ಬದಲಾವಣೆಗೆಂದು ನಿಲ್ಲಿಸಿದ್ದು, ಪ್ರಯಾಣಿಕರ ರೈಲು ಮತ್ತೆ ಬರಲು 2007 ಆಯಿತು. ಈ ಕಣಿವೆಗೆ ಅವಸರದ ಕೆಲಸ ಒಗ್ಗುವುದೇ ಇಲ್ಲವೇನೋ. 2024ರ ಜುಲೈನಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೂ ಜರಿಯಿತು. ರಸ್ತೆ, ರೈಲು ಎರಡೂ ಒಟ್ಟಿಗೆ ಮಲಗಿದವು. ನೆಲದಡಿಯ ಒಂದು ದಾರಿ ಸದ್ದಿಲ್ಲದೆ ನಡೆದುಕೊಂಡು ಬಂದಿದೆ: ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲು, ಡೀಸೆಲು ಸಾಗಿಸುವ ಕೊಳವೆ. ಅದು 2003ರಿಂದ ಇದೆ.

ಘಾಟಿ ಇಳಿದು ಚೌಡೇಶ್ವರಿ ಗುಡಿಗೆ ಕಾಸು ಹಾಕಿ ಗುಂಡ್ಯಕ್ಕೆ ಬಂದರೆ ಸೆಖೆ ಶುರು. ಕುಕ್ಕೆಗೆ ಹೋಗುವವರು ಇಲ್ಲೇ ತಿರುಗುತ್ತಾರೆ. ಅಡ್ಡಹೊಳೆಯಿಂದ ಮುಂದೆ ಕೆಳಗಿನ ತುಂಡು. ಇದರ ಗುತ್ತಿಗೆ ಮೊದಲು ಎಲ್ ಆ್ಯಂಡ್ ಟಿಗೆ ಸಿಕ್ಕಿತ್ತು. ದೊಡ್ಡ ಕಂಪನಿ ಬಂತು, ಇನ್ನು ಚಿಂತೆಯಿಲ್ಲ ಎಂದು ಎಲ್ಲರೂ ಅಂದುಕೊಂಡರು. ಸಾಲು ಮರಗಳು ಉರುಳಿದವು, ಗುಡ್ಡಗಳು ಕೆಂಪಗಾದವು, ಅಲ್ಲೊಂದು ಇಲ್ಲೊಂದು ಮೋರಿ ಎದ್ದಿತು. ಅಷ್ಟರಲ್ಲಿ ಕಂಪನಿ ಕೈತೊಳೆದುಕೊಂಡು ಹೊರಟಿತು. 64 ಕಿ.ಮೀ.ಯನ್ನು ಪುನಃ ಎರಡು ಮಾಡಿ, ಅಡ್ಡಹೊಳೆ–ಪೆರಿಯಶಾಂತಿ 15 ಕಿ.ಮೀ. ಒಬ್ಬರಿಗೆ, ಪೆರಿಯಶಾಂತಿ–ಬಿ.ಸಿ. ರೋಡ್ 49 ಕಿ.ಮೀ. ಇನ್ನೊಬ್ಬರಿಗೆ 2021ರಲ್ಲಿ ಕೊಟ್ಟರು. ಕಡಿದ ಮರ ಕಡಿದೇ ಹೋಗಿತ್ತು. ನಡುವಿನ ಮಳೆಗಾಲಗಳಲ್ಲಿ ನೆರಳೂ ಇಲ್ಲದ ರಸ್ತೆಯೂ ಇಲ್ಲದ ಒಂದು ಕೆಂಪು ಪಟ್ಟಿಯ ಬದಿಯಲ್ಲಿ ಜನ ಬದುಕಿದರು.

ನೆಲ್ಯಾಡಿಯಲ್ಲಿ ಇಳಿದು ಒಬ್ಬ ರಿಕ್ಷಾದವರ ಜೊತೆ ಮಾತಿಗೆ ನಿಂತೆ. “ಎಂತ ಹೇಳುದು ಮಾರಾಯ್ರೆ, ರಿಕ್ಷಾದ ಬುಷ್ಷು ಎಷ್ಟು ಸಲ ಹಾಕಿಸಿದೆ ಅಂತ ಲೆಕ್ಕ ಇಟ್ಟಿಲ್ಲ. ಆ ಬಿಲ್ಲು ಯಾರ ಎಸ್ಟಿಮೇಟಿನಲ್ಲಿಯೂ ಇಲ್ಲ, ಅಲ್ವಾ?” ಎಂದರು. ಅವರಿಗಿಂತ ಹೆಚ್ಚು ವಿಷಯ ತಿಳಿದಿದ್ದದ್ದು ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯ ಅಡಿಕೆ ಕೃಷಿಕರಿಗೆ. ತ್ರೀ ಎ, ತ್ರೀ ಡಿ, ತ್ರೀ ಜಿ ಎಂದು ಅವರು ನಕ್ಷತ್ರಗಳ ಹೆಸರು ಹೇಳುವ ಸಲೀಸಿನಲ್ಲಿ ಹೇಳುತ್ತಿದ್ದರು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಕಲಮುಗಳವು. 3ಎ ಎಂದರೆ ಈ ಸರ್ವೆ ನಂಬರು ನಮಗೆ ಬೇಕು ಎಂಬ ಪ್ರಕಟಣೆ. 3ಡಿ ಬಂದ ದಿನ ಜಾಗ ಕೇಂದ್ರ ಸರ್ಕಾರದ್ದು. 3ಜಿಯಲ್ಲಿ ಪರಿಹಾರದ ಮೊತ್ತ. 3ಎ ಆದ ವರ್ಷದೊಳಗೆ 3ಡಿ ಆಗದಿದ್ದರೆ ಮೊದಲಿನದು ಬಿದ್ದುಹೋಗಿ ಮತ್ತೆ ಒಂದರಿಂದ ಶುರು. 2015ರಿಂದ ಈಚೆಗೆ ಪರಿಹಾರವನ್ನು 2013ರ ಹೊಸ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ ಕೊಡಬೇಕಾದ್ದರಿಂದ ಮೊತ್ತ ಏರಿತು. ಮೊತ್ತ ಏರಿದ ಮೇಲೆ ಜಾಗ ಕಡಿಮೆ ಸಾಕು ಎಂಬ ಮನಸ್ಸು ಬಂತು. ದೋಣಿಗಾಲಿನ ನೆಟ್ಟಗಿನ ಗುಡ್ಡ ನನಗೆ ಇನ್ನೊಮ್ಮೆ ಅರ್ಥವಾದದ್ದು ಇಲ್ಲಿ, ಅಡಿಕೆ ಒಣಹಾಕಿದ ಅಂಗಳದ ಬದಿಯಲ್ಲಿ ನಿಂತಾಗ.

ಕರಾವಳಿಗೆ ಇನ್ನೊಂದು ತೊಡಕುಂಟು, ಘಟ್ಟದ ಮೇಲಿನವರಿಗೆ ಅದರ ಗೋಜಿಲ್ಲ. ಅದು ಕುಮ್ಕಿ. ದಕ್ಷಿಣ ಕನ್ನಡದಲ್ಲಿ ವರ್ಗ, ಅಂದರೆ ಸ್ವಂತ ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಗುಡ್ಡದಿಂದ ಸೊಪ್ಪು, ಕಟ್ಟಿಗೆ ತರುವ ಹಕ್ಕು ಆ ಜಮೀನಿನವರಿಗಿದೆ. ತಲೆಮಾರುಗಳಿಂದ ಅಲ್ಲಿ ಗೇರು, ಮಾವು, ಹಲಸು ನೆಟ್ಟವರಿದ್ದಾರೆ. ಊಟ ಕೊಡುವ ಜಮೀನು ವರ್ಗವಾದರೂ ಉಸಿರು ಕೊಡುವುದು ಕುಮ್ಕಿ. ಆದರೆ ಪಹಣಿಯಲ್ಲಿ ಅದು ಸರ್ಕಾರದ್ದೇ. ರಸ್ತೆ ಕುಮ್ಕಿಯ ಮೇಲೆ ಹಾದರೆ ನೆಲದ ಬೆಲೆ ಕೇಳಲು ಕೈಯಲ್ಲಿ ಕಾಗದವಿಲ್ಲ. ಆ ಹಿರಿಯರು ಈ ಬಗ್ಗೆ ದೂರು ಹೇಳಲಿಲ್ಲ. ಗುಡ್ಡ ಎಲ್ಲಿಂದ ಎಲ್ಲಿವರೆಗೆ ಇತ್ತು ಎಂದು ಕೈಯಲ್ಲಿ ತೋರಿಸಿದರು. ತೋರಿಸಿದ ಕಡೆ ಟಿಪ್ಪರುಗಳು ನಿಂತಿದ್ದವು.

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುತ್ತದೆ. ಪೇಟೆ ದಾಟಿದ ಮೇಲೆ ಪೆರ್ನೆ. 2013ರ ಏಪ್ರಿಲ್‌ನಲ್ಲಿ ಇಲ್ಲಿ ಅಡುಗೆ ಅನಿಲದ ಟ್ಯಾಂಕರೊಂದು ಮಗುಚಿ, ಬೆಂಕಿ ಹೊತ್ತಿ, ರಸ್ತೆ ಬದಿಯ ಮನೆಗಳಿಗೆ ಹಬ್ಬಿ ಹಲವರ ಜೀವ ಹೋಯಿತು. ಕಿರಿದಾದ ತಿರುವು ರಸ್ತೆಯಲ್ಲಿ ಹಗಲೂ ರಾತ್ರಿ ಟ್ಯಾಂಕರು ಓಡಿಸುವುದೆಂದರೆ ಏನೆಂದು ಈ ಜಿಲ್ಲೆಗೆ ಆ ದಿನ ಗೊತ್ತಾಯಿತು. ಗುತ್ತಿಗೆ ಆಗಲು ಅಲ್ಲಿಂದ ಮೂರು ವರ್ಷ ಹಿಡಿಯಿತು. ಈ ದಾರಿಯ ವಿಳಂಬದಲ್ಲಿ ನನ್ನನ್ನು ನಿಜಕ್ಕೂ ಸಿಟ್ಟಿಗೆಬ್ಬಿಸುವುದು ಇದೊಂದೇ.

ಮಾಣಿಯಲ್ಲಿ ಪುತ್ತೂರು, ಮಡಿಕೇರಿ, ಮೈಸೂರಿನ ದಾರಿ ಬಂದು ಕೂಡುತ್ತದೆ. ಅದೆಲ್ಲದರ ಭಾರ ಹೊತ್ತು ಮುಂದೆ ಸಿಗುವುದು ಕಲ್ಲಡ್ಕ. ಮೂರು ಮಳೆಗಾಲ ಈ ಪೇಟೆ ಪಟ್ಟ ಪಾಡು ಜಿಲ್ಲೆಯಲ್ಲಿ ಗಾದೆಯಾಗುವ ಮಟ್ಟಕ್ಕೆ ಹೋಗಿತ್ತು. 2.1 ಕಿ.ಮೀ. ಉದ್ದದ ಮೇಲ್ಸೇತುವೆ ಇಕ್ಕಟ್ಟಿನ ಪೇಟೆಯ ನಡುವೆಯೇ ಏಳಬೇಕು. ಪಿಲ್ಲರಿನ ಎರಡೂ ಬದಿಗೆ ಉಳಿದ ಓಣಿಯಲ್ಲಿ ಬೆಂಗಳೂರು ಬಸ್ಸು, ಕಂಟೇನರು, ಶಾಲೆಯ ಮಕ್ಕಳು, ಆಂಬುಲೆನ್ಸು ಎಲ್ಲವೂ ಹೋಗಬೇಕು. ಕೆಂಪುಕಲ್ಲಿನ ಪದರದ ಕೆಳಗೆ ಇಲ್ಲೆಲ್ಲ ಇರುವುದು ಶೇಡಿ ಮಣ್ಣು. ಒಣಗಿದಾಗ ಸುಣ್ಣದ ಉಂಡೆ, ಒದ್ದೆಯಾದರೆ ಬೆಣ್ಣೆ. ಮೇಲಿನ ಕಲ್ಲು ತೆಗೆದು ಅದನ್ನು ಮಳೆಗೆ ಒಡ್ಡಿದರೆ ಜಲ್ಲಿ ಎಷ್ಟು ಸುರಿದರೂ ನುಂಗುತ್ತದೆ. ನಾನು ಹೋದಾಗ ಮಳೆ ನಿಂತಿತ್ತು, ಕೆಸರು ಧೂಳಾಗಿತ್ತು. ಅಂಗಡಿಗಳ ಮುಂದೆ ಹಸಿರು ಬಲೆ ಇಳಿಬಿಟ್ಟಿದ್ದರು. ಬಟ್ಟೆ ಅಂಗಡಿಯವರೊಬ್ಬರು ಬಿಳಿ ಬಟ್ಟೆ ಹೊರಗೆ ತೂಗುಹಾಕುವುದನ್ನೇ ಬಿಟ್ಟಿದ್ದರು.

ಇಷ್ಟಾದರೂ ಇಲ್ಲಿ ಬಸ್ಸು ಇಳಿಯುವವರು ಇಳಿಯುತ್ತಿದ್ದರು, ಕೆ.ಟಿ.ಗಾಗಿ. 1952ರಲ್ಲಿ ಶುರುವಾದ ಲಕ್ಷ್ಮೀ ನಿವಾಸ ಹೋಟೆಲಿನ ಕಲ್ಲಡ್ಕ ಟೀ ಅದು. ಗಾಜಿನ ಲೋಟದಲ್ಲಿ ಕೆಳಗೆ ಸಕ್ಕರೆ ಬೆರೆಸಿದ ದಪ್ಪ ಹಾಲು, ಮೇಲೆ ಡಿಕಾಕ್ಷನ್. ಒಂದು ಇನ್ನೊಂದಕ್ಕೆ ಬೆರೆಯದೆ ಗೆರೆ ಎಳೆದಂತೆ ನಿಂತಿರುತ್ತದೆ. ಚಮಚ ಕೊಟ್ಟರೂ ಕೆಲವರು ಕಲಸದೆ ಕುಡಿಯುತ್ತಾರೆ. ಮೇಲ್ಸೇತುವೆ 2025ರ ಜೂನ್‌ನಲ್ಲಿ ವಾಹನಗಳಿಗೆ ತೆರೆಯಿತು. ಈಗ ಟೀ ಬೇಕಾದವರು ಮೊದಲೇ ನೆನಪಿಟ್ಟುಕೊಂಡು ಸರ್ವೀಸ್ ರಸ್ತೆಗೆ ಇಳಿಯಬೇಕು.

ಕಲ್ಲಡ್ಕ, ಮೆಲ್ಕಾರ್ ದಾಟಿದರೆ ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಮೇಲೆ ಹೊಸ ಸೇತುವೆ, ಆಚೆ ಬಿ.ಸಿ. ರೋಡ್. ಅಲ್ಲಿಗೆ ಹೆದ್ದಾರಿ 75 ಮುಗಿದು 73ರ ಕೈಗೆ ಒಪ್ಪಿಸುತ್ತದೆ.

ಈ ದಾರಿಯನ್ನು ನೋಡಬೇಕೆನ್ನುವವರು ರಾತ್ರಿ ಬಸ್ಸಿನಲ್ಲಿ ಮಲಗಿ ದಾಟಬೇಡಿ. ಹಾಸನದಿಂದ ಬೆಳಿಗ್ಗೆ ಹೊರಡುವ ಕೆಂಪು ಬಸ್ಸು ಹಿಡಿಯಿರಿ, ಹೋಗುವುದಾದರೆ ನವೆಂಬರಿನಿಂದ ಮಾರ್ಚಿನೊಳಗೆ. ಜುಲೈ, ಆಗಸ್ಟಿನಲ್ಲಾದರೆ ಹಾಸನ ಬಿಡುವ ಮೊದಲು ಘಾಟಿ ತೆರೆದಿದೆಯೇ ಎಂದು ಡಿಪೋದಲ್ಲಿ ಕೇಳಿ. ಕಂಡಕ್ಟರಿಗೆ ಗೊತ್ತಿರುತ್ತದೆ. ಮಾರನಹಳ್ಳಿ ಬರುವ ಹೊತ್ತಿಗೆ ಎಚ್ಚರವಾಗಿರಿ; ನಾಲ್ಕು ಪಥ ಎರಡಾಗುವ ಜಾಗಕ್ಕೆ ಬೋರ್ಡು ಬೇಕಾಗಿಲ್ಲ, ಡ್ರೈವರು ಗೇರು ಇಳಿಸಿದ್ದರಲ್ಲೇ ತಿಳಿಯುತ್ತದೆ.